ಗಸಗಸೆ ಮನೆಯಲ್ಲೇ ಉಳಿಯಿತು, ಕರದಂಟು ದುಬೈಗೆ ಹೋಯಿತು: ಒಂದು ಪ್ರಕರಣ

ಬಾಗಲಕೋಟೆಯ ನವನಗರದಲ್ಲಿ ಪಾಸ್‌ಪೋರ್ಟ್ ಅರ್ಜಿ, ವೀಸಾ, ಟಿಕೆಟ್ ಇಂಥ ಕೆಲಸ ಮಾಡಿಕೊಡುವವನು ನಾನು. ನನ್ನ ಹತ್ತಿರ ಬರುವವರಲ್ಲಿ ಬಹಳ ಮಂದಿ ಮೊದಲ ಸಲ ವಿಮಾನ ಹತ್ತುವವರು. ಜೇಬುಗಳ್ಳರಿದ್ದರೆ ಏನು ಮಾಡೋದು, ಭಾಷೆ ಬರದಿದ್ದರೆ ಹೇಗೆ, ದಾರಿ ತಪ್ಪಿದರೆ ಯಾರನ್ನು ಕೇಳೋದು ಅನ್ನೋದೇ ಅವರ ಚಿಂತೆ. ಇಲ್ಲಿ ಹೇಳುವ ಪ್ರಕರಣದಲ್ಲಿ ಅದ್ಯಾವುದೂ ಆಗಲಿಲ್ಲ. ತೊಂದರೆ ಬಂದದ್ದು ತವರಿನ ತಿಂಡಿ ಡಬ್ಬಿಯಿಂದ.

ಕುಟುಂಬದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಗಂಡನನ್ನು ಮಾಸ್ತರರು ಎಂದೂ ಹೆಂಡತಿಯನ್ನು ಅವ್ವ ಎಂದೂ ಕರೆಯುತ್ತೇನೆ.

ಹಿನ್ನೆಲೆ

ಮಾಸ್ತರರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು. ಹಳೆ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ನವನಗರಕ್ಕೆ ಬಂದು ನೆಲೆ ನಿಂತವರು. ಒಬ್ಬಳೇ ಮಗಳು, ಗಂಡನ ಜೊತೆ ದುಬೈನಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಆ ಸ್ಥಿತಿಯಲ್ಲಿ ವಿಮಾನ ಪ್ರಯಾಣ ಬೇಡ ಅಂತ ಅಲ್ಲಿನ ಡಾಕ್ಟರು ಹೇಳಿದ್ದರಿಂದ ಮಗಳು ತವರಿಗೆ ಬರುವ ಬದಲು ತವರೇ ಅಲ್ಲಿಗೆ ಹೋಗಬೇಕಾಯಿತು. ಇಬ್ಬರಿಗೂ 60 ದಿನದ ಪ್ರವಾಸಿ ವೀಸಾ ಆಯಿತು.

ನಮ್ಮ ಕಡೆ ಬಾಣಂತನ ಅಂದರೆ ಸಾಮಾನಿನ ದೊಡ್ಡ ಪಟ್ಟಿ ಅಲ್ವಾ? ತಿನ್ನುವ ಅಂಟು, ಒಣ ಕೊಬ್ಬರಿ, ಉತ್ತುತ್ತಿ, ಅಳವಿ, ಒಣ ಶುಂಠಿ, ಅಜವಾನ, ಬಾಣಂತಿ ಖಾರ, ಕೂಸಿಗೆ ತೇಯ್ದು ಹಾಕಲು ಬಜೆ. ಅವ್ವ ತಿಂಗಳ ಮೊದಲೇ ಎಲ್ಲ ಕೂಡಿಸಿಟ್ಟಿದ್ದರು. ಅದರಲ್ಲಿ ಗಸಗಸೆಯ ಒಂದು ಪೊಟ್ಟಣವೂ ಇತ್ತು. ಬಾಣಂತಿಗೆ ಗಸಗಸೆ ತಂಪು, ನಿದ್ದೆ ಬರುತ್ತದೆ ಅನ್ನೋದು ಅವರು ತಮ್ಮ ಅತ್ತೆಯಿಂದ ಕಲಿತ ಮಾತು.

ಮಾಸ್ತರರ ಕಡೆ ಇನ್ನೊಂದು ವಿಷಯವಿತ್ತು. ಬೆನ್ನಿನಿಂದ ಕಾಲಿಗೆ ಇಳಿಯುವ ನೋವು ಅವರಿಗೆ. ವರ್ಷಗಟ್ಟಲೆ ಗುಳಿಗೆ ನುಂಗುತ್ತಿದ್ದರು. ಅದರಲ್ಲಿ ಏನಿದೆ ಅಂತ ಎಂದೂ ಓದಿರಲಿಲ್ಲ. ‘ನೋವಿನ ಗುಳಿಗಿ’ ಅಂದರೆ ಅವರಿಗೆ ಅಷ್ಟೇ.

ಸಮಸ್ಯೆ

ಮೊದಲ ಎಚ್ಚರಿಕೆ ಮಗಳಿಂದಲೇ ಬಂತು. ಫೋನ್ ಮಾಡಿ, ‘ಅವ್ವಾ, ಗಸಗಸಿ ಒಂದ ಕಾಳೂ ತರಬ್ಯಾಡ’ ಅಂದಳಂತೆ. ಅವ್ವನಿಗೆ ನಗು. ‘ಗಸಗಸಿ ಏನ್ ಗಾಂಜಾ ಆತೇನವಾ?’

ಅವ್ವ ನಕ್ಕದ್ದರಲ್ಲಿ ತಪ್ಪಿಲ್ಲ. ಇಲ್ಲಿ ಯಾವ ಕಿರಾಣಿ ಅಂಗಡಿಗೆ ಹೋದರೂ ಗಸಗಸೆ ಸಿಗುತ್ತದೆ. ನಮ್ಮ 1985ರ ಮಾದಕ ವಸ್ತು ಕಾಯ್ದೆಯೇ ಅಫೀಮು ಗಿಡದ ಒಣ ಭಾಗಗಳಿಗೆಲ್ಲ ಕಟ್ಟು ಹಾಕಿ, ಬೀಜವನ್ನು ಮಾತ್ರ ಹೊರಗೆ ಬಿಟ್ಟಿದೆ. ಆದರೆ ಗಿಡ ಅದೇ. ಮಧ್ಯಪ್ರದೇಶ, ರಾಜಸ್ಥಾನದ ಕಡೆ ಸರ್ಕಾರದ ಲೈಸೆನ್ಸ್ ಪಡೆದು ಅಫೀಮು ಬೆಳೆಯುತ್ತಾರಲ್ಲ, ಅದರ ಕಾಯಿ ಒಡೆದರೆ ಸಿಗುವುದೇ ಗಸಗಸೆ. ಕಾಯಿಯ ಹಾಲಿನಲ್ಲಿ ಮಾರ್ಫಿನ್ ಇರುತ್ತದೆ. ಅದರ ಅಂಶ ಬೀಜದ ಮೈಗೂ ಸ್ವಲ್ಪ ಅಂಟಿಕೊಂಡಿರುತ್ತದೆ. ದುಬೈ ಇರುವ ಯುಎಇ, ಸೌದಿ, ಸಿಂಗಾಪುರ ಇಂಥ ಕಡೆ ಬೀಜಕ್ಕೂ ಗಿಡಕ್ಕೂ ಆ ಫರಕು ಮಾಡುವುದಿಲ್ಲ. ಅಲ್ಲಿ ನಮ್ಮ ಪಾಯಸದ ಸಾಮಾನು ಮಾದಕ ವಸ್ತುವಿನ ಕಾನೂನಿಗೆ ಸಿಗುತ್ತದೆ.

ಮಗಳ ಫೋನ್ ಆದ ಮೇಲೆ ಮಾಸ್ತರರು ನನ್ನ ಹತ್ತಿರ ಬಂದರು. ‘ಸಾಮಾನೆಲ್ಲ ಒಮ್ಮೆ ನೋಡಿಬಿಡ್ರಿ’ ಅಂದರು. ಟಿಕೆಟ್ ಮಾಡಿಸಿದವರು ಸಾಮಾನೂ ತೋರಿಸುವುದು ಅಪರೂಪ. ನಾನು ಖುಷಿಯಿಂದಲೇ ಹೋದೆ.

ಏನೇನು ಮಾಡಿದೆವು

ಪಡಸಾಲೆಯಲ್ಲಿ ಜಮಖಾನ ಹಾಸಿ ಎರಡೂ ಬ್ಯಾಗ್ ಸುರಿದೆವು. ಗಸಗಸೆ ಪೊಟ್ಟಣ ಮೊದಲು ಹೊರಗೆ ಬಂತು. ಅಂಟಿನುಂಡಿಯನ್ನು ಗಸಗಸೆ ಇಲ್ಲದೆ ಕಟ್ಟುವುದು ಅಂತ ಅವ್ವ ಒಪ್ಪಿದರು, ಮುಖ ಸಣ್ಣದು ಮಾಡಿಕೊಂಡೇ. ಆಮೇಲೆ ಅವರ ಎಲೆ ಅಡಿಕೆ ಸಂಚಿ. ಎಲೆ, ಪಾನ್ ಸಾಮಾನು ಯುಎಇಯ ನಿಷೇಧದ ಪಟ್ಟಿಯಲ್ಲೇ ಇವೆ. ಗಸಗಸೆಗಿಂತ ಈ ಸಂಚಿ ಬಿಡುವುದೇ ಅವರಿಗೆ ಜಾಸ್ತಿ ಕಷ್ಟವಾಯಿತು. ಕೂಸಿಗೆ ಕಟ್ಟಲು ಮಾಡಿಸಿದ್ದ ತಾಯಿತವೂ ಇತ್ತು. ಮಾಟ ಮಂತ್ರದ ಸಾಮಾನು ಅಲ್ಲಿ ನಿಷಿದ್ಧ. ತಾಯಿತವನ್ನೂ ಹಾಗೆ ನೋಡುತ್ತಾರಾ ಇಲ್ಲವಾ ಅನ್ನೋದು ಸ್ಕ್ಯಾನರ್ ಮುಂದೆ ನಿಂತು ವಾದಿಸುವ ವಿಷಯ ಅಲ್ಲ. ಅದನ್ನು ದೇವರ ಜಗಲಿ ಮೇಲೆ ಇಟ್ಟರು.

ಗುಳಿಗೆಗೆ ಬಹಳ ಹೊತ್ತು ಹಿಡಿಯಿತು. ಮಾಸ್ತರರು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಡಿಬಿಡಿ ಗುಳಿಗೆ ತುಂಬಿಕೊಂಡಿದ್ದರು. ಬಿಳಿ, ಕೆಂಪು, ಅರ್ಧ ಮುರಿದದ್ದು. ಹಳೆ ಶೀಟ್ ಹುಡುಕಿಸಿ ಹಿಂದಿನ ಸಣ್ಣ ಅಕ್ಷರ ಓದಿದರೆ ಒಂದರಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್, ಇನ್ನೊಂದರಲ್ಲಿ ಪ್ರಿಗಾಬಲಿನ್. ಎರಡೂ ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಟ್ರಮಡಾಲ್ ನಮ್ಮಲ್ಲೂ 2018ರಿಂದ ಮಾದಕ ವಸ್ತು ಕಾಯ್ದೆಯ ಕೆಳಗೆ ಬಂದಿದೆ. ಡಾಕ್ಟರ ಚೀಟಿ ಇತ್ತು. ಆದರೆ ಅದರಲ್ಲಿ ಕಂಪನಿ ಇಟ್ಟ ಹೆಸರು ಮಾತ್ರ, ಅದೂ ನಮ್ಮೂರ ಮೆಡಿಕಲ್ ಅಂಗಡಿಯವನಿಗೆ ಬಿಟ್ಟರೆ ಯಾರಿಗೂ ತಿಳಿಯದ ಕೈಬರಹದಲ್ಲಿ.

ಮಾಸ್ತರರ ಮೊದಲ ಯೋಚನೆ ಗುಳಿಗೆಯನ್ನೇ ಬಿಟ್ಟು ಹೋಗುವುದಾಗಿತ್ತು. ಅದೂ ಸರಿಯಲ್ಲ. ಬಹಳ ದಿನ ತಗೊಂಡ ಟ್ರಮಡಾಲ್, ಪ್ರಿಗಾಬಲಿನ್ ಎರಡನ್ನೂ ಒಮ್ಮೆಗೇ ನಿಲ್ಲಿಸಬಾರದು, ಮೈಗೆ ಬೇರೆ ತ್ರಾಸು ಶುರುವಾಗುತ್ತದೆ. ಎಲುಬಿನ ಡಾಕ್ಟರ ಹತ್ತಿರ ಹೋದರು. ಪ್ರಯಾಣಕ್ಕೆ ಇನ್ನೂ ಟೈಮ್ ಇತ್ತು. ಡಾಕ್ಟರು ಟ್ರಮಡಾಲನ್ನು ನಿಧಾನವಾಗಿ ಇಳಿಸಿ ಬಿಡಿಸಿದರು, ಪ್ರಿಗಾಬಲಿನ್ ಉಳಿಸಿದರು. ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ ಪತ್ರ ಕೊಟ್ಟರು. ಅದರಲ್ಲಿ ಕಾಯಿಲೆ, ಔಷಧಿಯ ಮೂಲ ಹೆಸರು, ದಿನಕ್ಕೆ ಎಷ್ಟು, ಒಟ್ಟು ಎಷ್ಟು ಗುಳಿಗೆ, ಎಲ್ಲ ಇತ್ತು. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ. ಮಗಳು ಅಲ್ಲಿನ ಸರ್ಕಾರಿ ವೆಬ್‌ಸೈಟಿನಲ್ಲಿ ಔಷಧಿ ತರಲು ಅನುಮತಿಗೆ ಅರ್ಜಿ ಹಾಕಿದಳು. ಹೊರಡುವ ಮೊದಲೇ ಒಪ್ಪಿಗೆ ಬಂತು. ಬಿಡಿ ಗುಳಿಗೆಯ ಡಬ್ಬಿ ಕಸಕ್ಕೆ ಹೋಯಿತು, ಕಂಪನಿಯ ಶೀಟುಗಳು ಕೈಚೀಲಕ್ಕೆ ಬಂದವು.

ಇಷ್ಟರಲ್ಲಿ ಓಣಿಗೆಲ್ಲ ಸುದ್ದಿ ಹರಡಿತ್ತು. ಹೊರಡಲು ಎರಡು ದಿನ ಇರುವಾಗ ಹಿಂದಿನ ಸಾಲಿನ ಮನೆಯವರು ಒಂದು ಡಬ್ಬಿ ತಂದರು. ಶಾರ್ಜಾದಲ್ಲಿರುವ ಮಗನಿಗೆ ಶೇಂಗಾ ಚಟ್ನಿ ಪುಡಿ. ಬಾಯಿಗೆ ಟೇಪ್ ಸುತ್ತಿ ಭದ್ರ ಮಾಡಿದ್ದರು. ಮಾಸ್ತರರು ಪೇಚಿಗೆ ಸಿಕ್ಕರು. ಒಲ್ಲೆ ಅಂದರೆ ಮುಖ ಕೆಡುತ್ತದೆ, ನಾಳೆ ಅದೇ ಓಣಿಯಲ್ಲಿ ಓಡಾಡಬೇಕು. ಕೊನೆಗೆ ಅವರು ಒಂದು ಉಪಾಯ ಮಾಡಿದರು. ‘ವಿಮಾನದಾಗ ತೂಕ ನೋಡ್ತಾರ್ರಿ, ಎಲ್ಲಾ ಬ್ಯಾರೆ ಚೀಲಕ್ಕ ಹಾಕ್ಕೋಬೇಕು’ ಅಂತ ಹೇಳಿ ಅವರ ಮುಂದೆಯೇ ಡಬ್ಬಿ ಬಿಚ್ಚಿದರು. ಪುಡಿಯ ನಡುವೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಗುಳಿಗೆ ಶೀಟುಗಳು. ಕ್ಲೋನಜೆಪಮ್, ನಿದ್ದೆಗೆ.

ಆ ತಾಯಿ ಕಳ್ಳಿ ಅಲ್ಲ. ‘ಅವಂಗ ನಿದ್ದಿ ಬರಂಗಿಲ್ರಿ. ಅಲ್ಲೆ ಚೀಟಿ ಇಲ್ದ ಕೊಡಂಗಿಲ್ಲಂತ’ ಅಂದರು. ಅಲ್ಲಿ ಚೀಟಿ ಇಲ್ಲದೆ ಸಿಗದ ಔಷಧಿಯನ್ನು ಬೇರೆಯವರ ಬ್ಯಾಗಿನಲ್ಲಿ, ಬೇರೆಯವರ ಹೆಸರಿನಲ್ಲಿ ಕಳಿಸುತ್ತಿದ್ದೇನೆ ಅನ್ನೋದು ಅವರ ತಲೆಗೆ ಬಂದಿರಲೇ ಇಲ್ಲ. ಮಾಸ್ತರರು ಶೀಟ್ ವಾಪಸ್ ಕೊಟ್ಟರು. ಮನಸ್ಸು ತಡೆಯದೆ ಚಟ್ನಿ ಪುಡಿ ಮಾತ್ರ ತಮ್ಮ ಕೈಯಾರೆ ಬೇರೆ ಚೀಲಕ್ಕೆ ಸುರಿದು ಇಟ್ಟುಕೊಂಡರು. ನಾನಾಗಿದ್ದರೆ ಅದನ್ನೂ ಬಿಡುತ್ತಿದ್ದೆ.

ಇಲ್ಲಿಗೆ ಬ್ಯಾಗ್ ಶುದ್ಧವಾಯಿತು ಅಂತ ಎಲ್ಲರೂ ಅಂದುಕೊಂಡೆವು.

ಸ್ಟೇಷನ್‌ನಲ್ಲಿ

ಬೆಂಗಳೂರಿಗೆ ಹೋಗಲು ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬುಕ್ ಮಾಡಿದ್ದೆವು. ಬೀಳ್ಕೊಡಲು ಬಂದವರಲ್ಲಿ ಅವ್ವನ ತಮ್ಮನೂ ಇದ್ದ. ಅವನು ಅಮೀನಗಡದ ಕಡೆಯವನು. ಕೈಯಲ್ಲಿ ಎರಡು ಕಿಲೋ ಕರದಂಟಿನ ಡಬ್ಬಿ, ಅಂಗಡಿಯ ಪ್ಯಾಕಿಂಗ್, ಮೇಲೆ ಪ್ಲಾಸ್ಟಿಕ್ ಹೊದಿಕೆ. ಸೊಸೆಗೆ ಕೊಡ್ರಿ ಅಂತ ಕಿಟಕಿಯಿಂದಲೇ ಕೊಟ್ಟ. ಅವ್ವ ಅದನ್ನು ದೊಡ್ಡ ಬ್ಯಾಗಿನ ಮೇಲ್ಭಾಗದಲ್ಲಿ ಸೀರೆಗಳ ನಡುವೆ ಇಟ್ಟು ಜಿಪ್ ಎಳೆದರು.

ಯಾರಿಗೂ ಅನುಮಾನ ಬರಲಿಲ್ಲ. ಓಣಿಯವರ ಡಬ್ಬಿ ಬಿಚ್ಚಿಸಿದವರು ತಮ್ಮನ ಡಬ್ಬಿ ಬಿಚ್ಚಲಿಲ್ಲ. ಗಸಗಸೆ ಪೊಟ್ಟಣ ತೆಗೆದಿಟ್ಟವರಿಗೆ ಕರದಂಟಿನೊಳಗೆ ಗಸಗಸೆ ಇರುತ್ತದೆ ಅನ್ನೋದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿ ಬಾದಾಮಿ ಜೊತೆ ಬಹಳ ಮಂದಿ ಗಸಗಸೆಯನ್ನೂ ಹಾಕಿಯೇ ಕರದಂಟು ಮಾಡುತ್ತಾರೆ. ಅದು ಅವ್ವನಿಗೆ ಗೊತ್ತಿಲ್ಲದ ಸಂಗತಿ ಏನಲ್ಲ. ಮನೆಯಲ್ಲಿ ಸ್ವತಃ ಮಾಡಿದವರು. ಡಬ್ಬಿಯ ಹಿಂದೆ ಸಾಮಗ್ರಿಗಳ ಪಟ್ಟಿಯಲ್ಲೂ ಅಚ್ಚಾಗಿತ್ತು.

ದುಬೈನಲ್ಲಿ ನಡೆದದ್ದು

ಬೆಂಗಳೂರಿನಲ್ಲಿ ಯಾರೂ ಏನೂ ಕೇಳಲಿಲ್ಲ, ಕೇಳುವುದೂ ಇಲ್ಲ. ಇಲ್ಲಿ ತಪಾಸಣೆ ವಿಮಾನದ ಭದ್ರತೆಗೆ. ಗಸಗಸೆ ಬಾಂಬ್ ಅಲ್ಲ. ಬೆಂಗಳೂರಿನಲ್ಲಿ ಬಿಟ್ಟರು ಅಂದರೆ ದುಬೈನಲ್ಲೂ ಬಿಡುತ್ತಾರೆ ಅಂತ ನಂಬುವವರು ಬಹಳ ಮಂದಿ ಇದ್ದಾರೆ.

ದುಬೈನಲ್ಲಿ ಇಮಿಗ್ರೇಷನ್ ಸಲೀಸಾಗಿ ಮುಗಿಯಿತು. ಬ್ಯಾಗ್ ತಗೊಂಡು ಹೊರಗೆ ಹೋಗುವಾಗ ಕಸ್ಟಮ್ಸ್‌ನವರು ಸ್ಕ್ಯಾನರಿಗೆ ಹಾಕಿಸಿದರು. ಒಬ್ಬ ಅಧಿಕಾರಿ ದೊಡ್ಡ ಬ್ಯಾಗ್ ಪಕ್ಕಕ್ಕೆ ತೆಗೆದು ಮೇಜಿನ ಮೇಲೆ ಬಿಚ್ಚಲು ಹೇಳಿದ. ಮೊದಲು ಅಂಟಿನುಂಡಿ ಒಡೆದು ನೋಡಿದ, ಬಾಣಂತಿ ಖಾರ ಮೂಸಿ ಸೀನಿದ. ಆಮೇಲೆ ಕರದಂಟಿನ ಡಬ್ಬಿ ಕೈಗೆ ಬಂತು. ಒಂದು ತುಂಡು ಮುರಿದು ಬೆರಳಿನಿಂದ ತಿಕ್ಕಿದ. ಅಂಟಿನ ನಡುವೆ ಬೂದು ಬಿಳಿ ಬಣ್ಣದ ಸಣ್ಣ ಕಾಳು. ‘ಇದು ಏನು?’ ಅಂತ ಇಂಗ್ಲಿಷಿನಲ್ಲಿ ಕೇಳಿದ.

ಮಾಸ್ತರರು ಹೇಳುವ ಪ್ರಕಾರ ಅವರಿಗೆ ವಿಷಯ ಹೊಳೆದದ್ದು ಆ ಕ್ಷಣದಲ್ಲೇ. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು: ರಾಜಗಿರಿ ಅಂದುಬಿಡೋಣ. ರಾಜಗಿರಿ ಕಾಳು ನೋಡಲು ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಅದಕ್ಕೆ ಯಾವ ನಿಷೇಧವೂ ಇಲ್ಲ. ಪಕ್ಕದಲ್ಲಿ ಅವ್ವ ಸಣ್ಣ ದನಿಯಲ್ಲಿ ‘ನಮಗೇನೂ ಗೊತ್ತಿಲ್ಲ ಅನ್ರಿ, ಯಾರೋ ಕೊಟ್ರು ಅನ್ರಿ’ ಅನ್ನುತ್ತಿದ್ದರು.

ಈ ಇಡೀ ಪ್ರಕರಣದಲ್ಲಿ ನಾನು ಬಹಳ ಸಲ ಯೋಚಿಸಿದ ಜಾಗ ಇದು. ರಾಜಗಿರಿ ಅಂದಿದ್ದರೆ ಡಬ್ಬಿಯ ಹಿಂದೆ ಬರೆದದ್ದು ಅವರ ಮಾತನ್ನು ಸುಳ್ಳು ಮಾಡುತ್ತಿತ್ತು. ಯಾರೋ ಕೊಟ್ಟರು ಅಂದಿದ್ದರೆ, ಅಪರಿಚಿತರ ಡಬ್ಬಿ ಹೊತ್ತು ತಂದವರ ಸಾಲಿಗೆ ಸೇರುತ್ತಿದ್ದರು. ಗೊತ್ತಿಲ್ಲದೆ ತಂದದ್ದು ಬೇರೆ, ಮುಚ್ಚಿಟ್ಟು ತಂದದ್ದು ಬೇರೆ. ಒಂದು ಸುಳ್ಳು ಸಾಕು, ಮೊದಲನೆಯದು ಎರಡನೆಯದಾಗಿ ಬಿಡುತ್ತದೆ.

ಮಾಸ್ತರರು ಡಬ್ಬಿ ತಿರುಗಿಸಿ ಪಟ್ಟಿಯಲ್ಲಿದ್ದ ಆ ಪದದ ಮೇಲೆ ತಾವೇ ಬೆರಳು ಇಟ್ಟು ತೋರಿಸಿದರು. ಹೆಂಡತಿಯ ತಮ್ಮ ಕೊಟ್ಟದ್ದು, ಮಗಳ ಬಾಣಂತನಕ್ಕೆ, ಒಳಗೆ ಇದೆ ಅಂತ ಲಕ್ಷ್ಯಕ್ಕೆ ಬರಲಿಲ್ಲ. ಮುರುಕು ಇಂಗ್ಲಿಷಿನಲ್ಲಿ ಇಷ್ಟೇ ಹೇಳಿದರು. ಜೊತೆಗೆ, ಕೇಳದಿದ್ದರೂ, ಗುಳಿಗೆಯ ಅನುಮತಿ ಪತ್ರವನ್ನೂ ಡಾಕ್ಟರ ಪತ್ರವನ್ನೂ ಮೇಜಿನ ಮೇಲೆ ಇಟ್ಟರು.

ಅವರನ್ನು ಒಂದು ಕೋಣೆಯಲ್ಲಿ ಕೂಡಿಸಿದರು. ಪಾಸ್‌ಪೋರ್ಟ್ ತಗೊಂಡರು. ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿರಲಿಲ್ಲ, ಫೋನ್ ಸುಮ್ನೆ ಆಟದ ಸಾಮಾನಿನಂತೆ ಬಿದ್ದಿತ್ತು. ಆದರೆ ಜೇಬಿನಲ್ಲಿ ಒಂದು ಚೀಟಿ ಇತ್ತು. ಮಗಳ ನಂಬರ್, ಅಳಿಯನ ನಂಬರ್, ಮನೆ ವಿಳಾಸ, ಅಲ್ಲಿನ ಪೊಲೀಸ್ 999, ಭಾರತೀಯ ದೂತಾವಾಸದ ಸಹಾಯ ಕೇಂದ್ರದ 800 46342. ಅಧಿಕಾರಿಗೆ ಚೀಟಿ ತೋರಿಸಿದರು, ಅವನೇ ಅಳಿಯನಿಗೆ ಫೋನ್ ಹಚ್ಚಿಕೊಟ್ಟ.

ಸ್ವಲ್ಪ ಹೊತ್ತಿಗೆ ಅರಬ್ಬಿಯಲ್ಲಿ ಅಚ್ಚಾದ ಒಂದು ಹಾಳೆ ತಂದು ಸಹಿ ಮಾಡಿ ಅಂದರು. ಮಾಸ್ತರರು ಪೆನ್ನು ಮುಟ್ಟಲಿಲ್ಲ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಹೇಳಿ ಅಂತ ಕೈಮುಗಿದರು. ಯಾರಿಗೂ ಸಿಟ್ಟು ಬರಲಿಲ್ಲ. ಹಿಂದಿ ಬಲ್ಲ ಒಬ್ಬ ಸಿಬ್ಬಂದಿ ಬಂದು ಸಾಲು ಸಾಲು ಓದಿ ಹೇಳಿದ: ಇಂಥ ಸಾಮಾನು ಇಷ್ಟು ತೂಕ ಸಿಕ್ಕಿದೆ, ವಶಕ್ಕೆ ಪಡೆದು ನಾಶ ಮಾಡುತ್ತೇವೆ. ತಿಳಿದ ಮೇಲೆ ಸಹಿ ಹಾಕಿದರು. ಕರದಂಟು ಹೋಯಿತು, ಪಾಸ್‌ಪೋರ್ಟ್ ವಾಪಸ್ ಬಂತು. ಅವರು ಹೊರಗೆ ಬರುವ ಹೊತ್ತಿಗೆ ಮಧ್ಯಾಹ್ನ ಸಂಜೆಯಾಗಿತ್ತು. ತುಂಬು ಗರ್ಭಿಣಿ ಮಗಳು ಅಷ್ಟೂ ಹೊತ್ತು ಹೊರಗೆ ನಿಂತಿದ್ದಳು. ಅವ್ವನಿಗೆ ಅದೇ ಎಲ್ಲಕ್ಕಿಂತ ದೊಡ್ಡ ಸಂಕಟ.

ಏನು ಕಲಿಯಬಹುದು

ಇದು ಹಗುರಾಗಿ ಮುಗಿಯಿತು. ಎಲ್ಲರಿಗೂ ಹೀಗೇ ಮುಗಿಯುತ್ತದೆ ಅಂತ ಯಾರೂ ಲೆಕ್ಕ ಹಾಕಬೇಡಿ. ಯುಎಇಯಲ್ಲಿ 2022ರಿಂದ ಹೊಸ ಮಾದಕ ವಸ್ತು ಕಾನೂನು ಬಂದಿದೆ, ಕೆಲವು ಸಂದರ್ಭಗಳಲ್ಲಿ ಹಿಂದಿನಷ್ಟು ಬಿಗಿ ಇಲ್ಲ. ಆದರೂ ಮೇಜಿನ ಆಚೆ ನಿಂತವನ ತೀರ್ಮಾನ ನಮ್ಮ ಕೈಯಲ್ಲಿ ಇರುವುದಿಲ್ಲ.

ನಾವು ಹೆಸರು ಹಿಡಿದು ಹುಡುಕಿದೆವು. ನಿಷೇಧದ ಪಟ್ಟಿಯಲ್ಲಿ ಗಸಗಸೆ ಅಂತ ಇತ್ತು, ಗಸಗಸೆ ಅಂತ ಬರೆದ ಪೊಟ್ಟಣ ತೆಗೆದೆವು. ಆದರೆ ನಮ್ಮ ಸೀಮೆಯಲ್ಲಿ ಗಸಗಸೆ ಪೊಟ್ಟಣದಲ್ಲಿ ಇರುವುದಕ್ಕಿಂತ ತಿಂಡಿಯೊಳಗೆ ಇರುವುದೇ ಜಾಸ್ತಿ. ಕರದಂಟು, ಅಂಟಿನುಂಡಿ, ಕರಚಿಕಾಯಿಯ ಹೂರಣ, ಅನಾರಸದ ಮೇಲಿನ ಉದುರು, ಕೆಲವರ ಮನೆಯ ಮಸಾಲೆ. ಈಗ ನಾನು ಗಸಗಸೆ ಇದೆಯಾ ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಯಾವ ಯಾವ ತಿಂಡಿ ಒಯ್ಯುತ್ತೀರಿ, ಅದಕ್ಕೆ ಏನೇನು ಹಾಕಿದ್ದೀರಿ ಅಂತ ಕೇಳುತ್ತೇನೆ. ವಿಜಯಪುರದ ಕಡೆಯಿಂದ ಹಜ್, ಉಮ್ರಾಗೆ ಹೋಗುವವರಿಗೂ ಇದೇ ಪ್ರಶ್ನೆ, ಯಾಕೆಂದರೆ ಸೌದಿಯಲ್ಲೂ ಗಸಗಸೆ ನಡೆಯುವುದಿಲ್ಲ.

ಬೇರೆಯವರ ಡಬ್ಬಿ ಒಯ್ಯಬಾರದು ಅನ್ನೋದು ಎಲ್ಲರಿಗೂ ಗೊತ್ತು. ಕಷ್ಟ ಏನೆಂದರೆ ಸ್ವಂತ ತಮ್ಮನನ್ನು ಯಾರೂ ಬೇರೆಯವರು ಅಂದುಕೊಳ್ಳುವುದಿಲ್ಲ. ಮುಂಬೈನ ಒಂದು ದಂಪತಿಯ ಕಥೆ ಪತ್ರಿಕೆಗಳಲ್ಲಿ ಬಂದಿತ್ತು. 2019ರಲ್ಲಿ ಹತ್ತಿರದ ಸಂಬಂಧಿಯೊಬ್ಬರು ಕತಾರ್ ಪ್ರವಾಸದ ಖರ್ಚು ಕೊಟ್ಟು ಜೊತೆಗೆ ಒಂದು ಪೊಟ್ಟಣವನ್ನೂ ಕೊಟ್ಟರು. ದೋಹಾ ವಿಮಾನ ನಿಲ್ದಾಣದಲ್ಲಿ ಅದರಲ್ಲಿ ಹಶೀಶ್ ಅನ್ನೋ ಮಾದಕ ವಸ್ತು ಸಿಕ್ಕಿತು. ಹತ್ತು ವರ್ಷ ಜೈಲು ಶಿಕ್ಷೆಯಾಯಿತು. ಹೆಂಡತಿ ಆಗ ಗರ್ಭಿಣಿ, ಮಗು ಹುಟ್ಟಿದ್ದು ಜೈಲಿನಲ್ಲೇ. 2021ರಲ್ಲಿ ನಿರ್ದೋಷಿಗಳು ಅಂತ ಬಿಡುಗಡೆಯಾಗಿ ಊರಿಗೆ ಬಂದರು. ನಮ್ಮ ಅವ್ವನ ತಮ್ಮನ ಮನಸ್ಸಿನಲ್ಲಿ ಪ್ರೀತಿ ಬಿಟ್ಟು ಏನೂ ಇರಲಿಲ್ಲ, ಅದು ಸರಿ. ಆದರೆ ಸ್ಕ್ಯಾನರಿಗೆ ಡಬ್ಬಿಯೊಳಗಿನದು ಕಾಣುತ್ತದೆಯೇ ಹೊರತು ಕೊಟ್ಟವರ ಮನಸ್ಸಲ್ಲ.

ಬ್ಯಾಗ್ ಪರೀಕ್ಷೆ ಯಾವಾಗ ಮಾಡಬೇಕು ಅನ್ನೋದರಲ್ಲೂ ಒಂದು ಪಾಠ ಇದೆ. ನಾವು ಮನೆಯಲ್ಲಿ ಮಾಡಿದೆವು. ಬ್ಯಾಗ್ ಕೊನೆಯ ಸಲ ತೆರೆದದ್ದು ರೈಲಿನಲ್ಲಿ. ನಮ್ಮಲ್ಲಿ ಬಸ್ ಸ್ಟ್ಯಾಂಡಿಗೋ ಸ್ಟೇಷನ್ನಿಗೋ ಏನಾದರೂ ಕೈಯಲ್ಲಿ ಹಿಡಿದು ಬರದ ನೆಂಟರೇ ಇಲ್ಲ. ಅವನ್ನು ಕೈಯಲ್ಲೇ ಇಟ್ಟುಕೊಂಡು ಬೆಂಗಳೂರಿನಲ್ಲಿ ಯಾರಿಗಾದರೂ ಕೊಟ್ಟು ಹೋಗಿ, ಇಲ್ಲವೇ ರೈಲಿನಲ್ಲೇ ಹಂಚಿ ತಿಂದು ಮುಗಿಸಿ. ವಿಮಾನಕ್ಕೆ ಹಾಕುವ ಬ್ಯಾಗಿಗೆ ಮನೆಯಲ್ಲೇ ಬೀಗ ಹಾಕಿ ಕೀಲಿಯನ್ನು ಯಾರಾದರೂ ಗಟ್ಟಿ ಮನಸ್ಸಿನವರ ಕೈಗೆ ಕೊಡಿ ಅಂತ ಈಗ ಹೇಳುತ್ತೇನೆ. ಕೆಲವರಿಗೆ ನಗು ಬರುತ್ತದೆ, ಬರಲಿ.

ಕೆಲಸಕ್ಕೆ ಬಂದದ್ದೂ ಇದೆ. ಗುಳಿಗೆಯ ಕಾಗದ ಆ ದಿನ ಗುಳಿಗೆಗಷ್ಟೇ ಕೆಲಸ ಮಾಡಲಿಲ್ಲ ಅಂತ ನನ್ನ ಅನಿಸಿಕೆ. ಇಷ್ಟು ಕಾಗದ ಮಾಡಿಸಿಕೊಂಡು ಬಂದವರು ಕದ್ದು ತರುವವರಲ್ಲ ಅಂತ ಆ ಅಧಿಕಾರಿಗೆ ತೋರಿರಬೇಕು. ಚೀಟಿ ಮೇಲಿನ ನಂಬರ್ ಸಹ ಹಾಗೆಯೇ. ಫೋನಿನಲ್ಲಿ ಇದೆ ಅಂತ ಎಲ್ಲರೂ ಹೇಳುತ್ತಾರೆ, ಫೋನ್ ನಡೆಯದಾಗ ಕಾಗದವೇ ಗತಿ. ಇನ್ನು ಬಂಧನದವರೆಗೆ ಹೋದರೆ ನಮ್ಮ ದೂತಾವಾಸಕ್ಕೆ ತಿಳಿಸಿ ಅಂತ ಕೇಳುವ ಹಕ್ಕು ಇದೆ. ದೂತಾವಾಸಗಳ ಕೆಲಸದ ಬಗ್ಗೆ ದೇಶಗಳು ಮಾಡಿಕೊಂಡ 1963ರ ವಿಯೆನ್ನಾ ಒಪ್ಪಂದದಲ್ಲಿ ಅದು ಸೇರಿದೆ. ಇವರಿಗೆ ಅದರ ಅಗತ್ಯ ಬೀಳಲಿಲ್ಲ.

ಹೆರಿಗೆ ಸುಸೂತ್ರವಾಯಿತು. ಅಂಟು, ಕೊಬ್ಬರಿ, ಅಳವಿ ದುಬೈನ ಭಾರತೀಯ ಅಂಗಡಿಗಳಲ್ಲೇ ಸಿಕ್ಕವು, ಅವ್ವ ಅಲ್ಲೇ ಇನ್ನೊಂದು ಸಲ ಉಂಡಿ ಕಟ್ಟಿದರು. ಮೊಮ್ಮಗನನ್ನು ಬಿಟ್ಟು ಬರಲು ಮನಸ್ಸಿಲ್ಲದೆ ಇನ್ನು ನಾಲ್ಕು ದಿನ ಇರೋಣ ಅಂತ ಹಟ ಹಿಡಿದಿದ್ದರಂತೆ. ವೀಸಾ ಮುಗಿದ ಮೇಲೆ ದಿನಕ್ಕೆ 50 ದಿರಹಮ್ ದಂಡ ಅಂತ ಅಳಿಯ ಹೇಳಿದ ಮೇಲೆ ಟಿಕೆಟಿನ ದಿನವೇ ಹೊರಟರು. ಆಮೇಲೆ ಅವ್ವನ ತಮ್ಮನಿಗೆ ವಿಷಯ ತಿಳಿಯಿತು. ಪಾಪ, ಬಹಳ ನೊಂದುಕೊಂಡ. ಅದಕ್ಕೆ ಪರಿಹಾರ ಅಂತ ಇನ್ನೊಂದು ಡಬ್ಬಿಯನ್ನು ಕೊರಿಯರ್‌ನಲ್ಲಿ ಕಳಿಸುತ್ತೇನೆ ಅಂದ. ಮಗಳು ಫೋನಿನಲ್ಲೇ ತಡೆದಳು. ಕೊರಿಯರ್ ಆದರೂ ಕಸ್ಟಮ್ಸ್ ದಾಟಿಯೇ ಬರಬೇಕು, ಮೇಲೆ ಬರೆಯುವ ವಿಳಾಸ ಅವಳದೇ, ಅಲ್ಲಿ ನೌಕರಿ ಮಾಡಿಕೊಂಡು ಇರಬೇಕಾದವಳೂ ಅವಳೇ.